ಆಟಕ್ಕಾಗಿ ಹುಟ್ಟಿಸಿದ ರೋಗಗಳು

ರೋಗವನ್ನು ಕಳೆಯುವುದಕ್ಕಾಗಿ ಮನುಷ್ಯನು ಪಟ್ಟ ಪಾಡು ಎಲ್ಲರಿಗೂ ತಿಳಿದುದೇ. ಲೋಕದಲ್ಲಿಲ್ಲದ ರೋಗವನ್ನು ಬುದ್ಧಿಪೂರ್ವಕವಾಗಿ ಹುಟ್ಟಿಸುವವರೂ ಇದ್ದಾರೆಂದರೆ ವಾಚಕರಿಗೆ ಸೋಜಿಗವೆನಿಸೀತು. ಅವರು ದುಷ್ಟರಲ್ಲ, ಮೇಜಿನ ಸುತ್ತಲೂ ಕುಳಿತು ಕಥೆಯನ್ನೇ ಆಟವಾಗಿ ಆಡುವ ವಿದ್ಯಾರ್ಥಿಗಳು, ಗೃಹಸ್ಥರು. ಮಗನು ತನ್ನ ಗೆಳೆಯನಿಗೆ “ನಿನಗೆ ಜ್ವರ ತಗಲಿತು, ದಾಳ ಹಾಕು” ಎಂದು ಹೇಳುವುದನ್ನು ಪಕ್ಕದ ಕೋಣೆಯಿಂದ ಕೇಳಿದ ತಾಯಿಯು ಬೆಚ್ಚುವುದು ಸಹಜವೇ. ಆದಕಾರಣ ಈ ಆಟದ ಬಗೆಯನ್ನೂ ಅದರಲ್ಲಿ ರೋಗಕ್ಕಿರುವ ಸ್ಥಾನವನ್ನೂ ಕೊಂಚ ವಿವರಿಸುವೆವು.

ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ರಚಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವು ೧೯೭೪ರಲ್ಲಿ ಪ್ರಕಟವಾಯಿತು. ಇದರಲ್ಲಿ ಒಬ್ಬನು ಸೂತ್ರಧಾರ. ಊರು, ಕಾಡು, ರಾಕ್ಷಸರು, ಹವೆ, ಎಲ್ಲವೂ ಅವನ ಬಾಯಿಂದ ಹೊರಡತಕ್ಕುವು. ಉಳಿದವರು ಒಬ್ಬೊಬ್ಬರೂ ಒಂದೊಂದು ವೇಷ ಹೊತ್ತು, ತಾವು ಏನು ಮಾಡುವೆವೆಂಬುದನ್ನು ಹೇಳುತ್ತಾರೆ; ಅದು ಕೈಗೂಡಿತೇ ಇಲ್ಲವೇ ಎಂಬುದನ್ನು ಇಪ್ಪತ್ತು ಮುಖದ ದಾಳವು ತೀರ್ಮಾನಿಸುವುದು. ಗೈಗ್ಯಾಕ್ಸನು ೧೯೭೯ರಲ್ಲಿ ಸೂತ್ರಧಾರರಿಗಾಗಿ ಬರೆದ ಗ್ರಂಥದಲ್ಲಿ ರೋಗಗಳದೇ ಒಂದು ಪಟ್ಟಿಯುಂಟು: ಯಾವ ಅಂಗಕ್ಕೆ ತಗಲಿತು, ತಟ್ಟನೆ ಬಂದುದೋ ಬಹುಕಾಲದ್ದೋ, ಸೌಮ್ಯವೋ ಉಗ್ರವೋ ಮಾರಕವೋ ಎಂಬುದೆಲ್ಲ ದಾಳದ ಮೇಲೆ. ಆಸ್ಪತ್ರೆಯ ದಾಖಲೆಪುಸ್ತಕದಂತಿರುವ ಈ ಪಟ್ಟಿಯಲ್ಲಿ ಹೆಸರುಂಟು, ತೀವ್ರತೆಯುಂಟು, ಕಥೆಯೊಂದಿಲ್ಲ.

೨೦೧೪ರ ಆವೃತ್ತಿಯಲ್ಲಿ ಮೂರೇ ರೋಗಗಳನ್ನು ಮಾದರಿಗೆಂದು ಕೊಟ್ಟಿತ್ತು. ನಮ್ಮ ಅಭಿಪ್ರಾಯದಲ್ಲಿ ಇವು ಹಳೆಯ ಪಟ್ಟಿಗಿಂತ ಮೇಲು. ಒಂದು ಚರಂಡಿಯ ಪಿಡುಗು. ಹೊಲಸು ನೀರಿನಿಂದಲೋ ಇಲಿಗಳ ಕಡಿತದಿಂದಲೋ ಅಂಟುವ ಇದರಲ್ಲಿ, ದಾಳದ ಅಂಕಕ್ಕೆ ವೇಷಧಾರಿಯ ದೇಹದಾರ್ಢ್ಯವನ್ನು ಕೂಡಿಸಿದರೆ ೧೧ ಮುಟ್ಟಬೇಕು. ಮುಟ್ಟದಿದ್ದರೆ ಒಂದರಿಂದ ನಾಲ್ಕು ದಿನಗಳೊಳಗೆ ಆಯಾಸ, ಸೆಳೆತ. ರಾತ್ರಿಯ ನಿದ್ರೆಯಿಂದಲೂ ಕಳೆದ ಚೈತನ್ಯ ಮರಳದು. ಎರಡನೆಯದು ನಗೆಜ್ವರ, ರೋಗಿಯು ಉನ್ಮಾದದಿಂದ ನಗುತ್ತ ನವೆಯುವನು. ಗ್ನೋಮ್ ಎಂಬ ಕುಳ್ಳರಿಗೆ ಮಾತ್ರ ಇದು ಬಾರದು. ಏಕೆಂದು ಗ್ರಂಥವು ಹೇಳುವುದಿಲ್ಲ. ಮೂರನೆಯದು ಕೆಟ್ಟ ನೀರು ಕುಡಿದು ಕಣ್ಣಿನಲ್ಲಿ ರಕ್ತವಾಡಿ ದೃಷ್ಟಿ ಹೋಗುವ ರೋಗ; ಜೌಗುನೆಲದಲ್ಲಿ ಬೆಳೆಯುವ ಒಂದು ಹೂವಿನ ಲೇಪವೇ ಇದಕ್ಕೆ ಮದ್ದು.

ಆದರೆ ಇಲ್ಲೊಂದು ತೊಡಕುಂಟು. ಈ ಲೋಕದಲ್ಲಿ ಮಂತ್ರವಿದೆ. ಕಿರಿಯ ಪುರೋಹಿತನೊಬ್ಬನು ಕೈಯಿಟ್ಟು ಮಂತ್ರ ಹೇಳಿದರೆ ವ್ಯಾಧಿಯು ಹೋಗುವುದು. ಆ ಆವೃತ್ತಿಯ ನಿಯಮದಂತೆ, ಪ್ಯಾಲಡಿನ್ ಎಂಬ ವ್ರತಧಾರಿ ಯೋಧನು ಕೊಂಚ ಪಳಗಿದನೆಂದರೆ ರೋಗವು ಅವನ ಹತ್ತಿರವೇ ಸುಳಿಯದು. ಸೂತ್ರಧಾರನು ಮೂರು ದಿನ ಯೋಚಿಸಿ ಕಟ್ಟಿದ ಮಹಾಮಾರಿ ಮೂರು ನಿಮಿಷದಲ್ಲಿ ಮಾಯ! ಇದಕ್ಕೆ ಅನನುಭವಿಗಳು ಮಾಡುವ ಉಪಾಯವೆಂದರೆ ಮಂತ್ರಕ್ಕೂ ಬಗ್ಗದ ರೋಗವನ್ನು ತರುವುದು, ಹುಣ್ಣು ಕೀವುಗಳನ್ನು ವರ್ಣಿಸಿ ಹೆದರಿಸುವುದು. ಕೇಳುವವರಿಗೆ ಹೇಸಿಗೆಯಾದೀತೇ ಹೊರತು ಕುತೂಹಲ ಹುಟ್ಟದು.

ನಿಜವಾದ ರೋಗಗಳ ಚರಿತ್ರೆಯು ಇದಕ್ಕಿಂತ ಒಳ್ಳೆಯ ಗುರು. ೧೮೫೪ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟಿನಲ್ಲಿ ಕಾಲರಾ ಹಬ್ಬಿದಾಗ ಜಾನ್ ಸ್ನೋ ಎಂಬ ವೈದ್ಯನು, ಸತ್ತವರು ಯಾರೆಂಬುದರ ಜತೆಗೆ ಸಾಯದವರು ಯಾರೆಂಬುದನ್ನೂ ವಿಚಾರಿಸಿದನು. ಆ ಬೀದಿಯ ಬಳಿಯ ಭಟ್ಟಿಯ ಕೂಲಿಗಳು ಬೀರನ್ನೇ ಕುಡಿಯುತ್ತಿದ್ದರು, ಕೊಳಾಯಿಯ ನೀರನ್ನಲ್ಲ, ಅವರು ಉಳಿದರು. ನಮ್ಮ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ೧೯೫೭ರಲ್ಲಿ ಕಂಡ ಜ್ವರಕ್ಕೆ ಮಂಗನ ಕಾಯಿಲೆಯೆಂದು ಹೆಸರಾದುದು, ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದುದರಿಂದಲೇ. ಅದನ್ನು ಹರಡುವುದು ಉಣುಗು. ಯುರೋಪಿನಲ್ಲಿ ಕೈಕಾಲುಗಳನ್ನು ಬೆಂಕಿಯಂತೆ ಸುಟ್ಟು ಕೊಳೆಯಿಸುತ್ತಿದ್ದ ‘ಸಂತ ಆಂಟನಿಯ ಬೆಂಕಿ’ಗೆ ರೈ ಧಾನ್ಯದ ಮೇಲೆ ಬೆಳೆದ ಬೂಷ್ಟು ಕಾರಣ. ಇವುಗಳಲ್ಲೆಲ್ಲ ರೋಗಕ್ಕೊಂದು ದಾರಿಯಿದೆ. ದಾರಿಯುದ್ದಕ್ಕೂ ಹೆಜ್ಜೆಯ ಗುರುತಿದೆ. ಆಟಗಾರನಿಗೆ ಬೇಕಾದುದು ಅದೇ.

ಮಾತಿಗೆ ನಾವೇ ಒಂದನ್ನು ಹುಟ್ಟಿಸಿ ನೋಡೋಣ. ‘ಉಪ್ಪುಮರೆವು’ ಎಂದು ಹೆಸರಿರಲಿ. ರೋಗಿಯು ಮೊದಲು ಸಾರಿಗೆ ಮತ್ತೆ ಮತ್ತೆ ಉಪ್ಪು ಕೇಳುವನು. ಇದು ವೈದ್ಯನಿಗಿಂತ ಮುಂಚೆ ಅಡಿಗೆಯವಳಿಗೆ ಗೊತ್ತಾಗುವ ಲಕ್ಷಣ. ಮೂರನೆಯ ದಿನ ಕೀಲುಗಳು ಬಿಗಿಯುವುವು. ಒಂಬತ್ತನೆಯ ದಿನ ಸ್ವರ ಅಡಗುವುದು. ದನಗಳಿಗೆ ಏನೂ ಆಗಿಲ್ಲ. ದನ ಕಾಯುವ ಹುಡುಗನಿಗೂ ಇಲ್ಲ. ಪುರೋಹಿತನು ಮಂತ್ರ ಹೇಳಿದರೆ ಒಬ್ಬನಿಗೆ ಗುಣವಾಗುವುದು ನಿಜ, ಆದರೆ ಮೂರು ದಿನ ಕಳೆಯಲು ಅವನೇ ಮತ್ತೆ ಉಪ್ಪು ಕೇಳುತ್ತಾನೆ. ಹುಡುಗನೂ ದನಗಳೂ ಹಳೆಯ ಕೆರೆಯ ನೀರು ಕುಡಿಯುವರು, ಊರಿನವರು ಜಮೀನುದಾರನು ಹಳೆಯ ಸ್ಮಶಾನದಲ್ಲಿ ತೋಡಿಸಿದ ಹೊಸ ಬಾವಿಯ ನೀರು ಕುಡಿಯುವರು ಎಂಬುದು ಹೊರಬೀಳುವ ಹೊತ್ತಿಗೆ ಆಟವು ಔಷಧದಿಂದ ನ್ಯಾಯಕ್ಕೆ ತಿರುಗಿರುತ್ತದೆ. ಬಾವಿಯನ್ನು ಮುಚ್ಚಿಸುವವರು ಯಾರು? ಬೇಸಗೆಯಲ್ಲಿ ಕೆರೆ ಬತ್ತಿದರೆ ಗತಿಯೇನು? ಇದಕ್ಕೆ ಯಾವ ಪುರೋಹಿತನಲ್ಲಿಯೂ ಮಂತ್ರವಿಲ್ಲ.

ರೋಗ ತಗಲದವರು ಹೇಗೆ ನಡೆದುಕೊಳ್ಳುವರೆಂಬುದು ಇನ್ನೂ ದೊಡ್ಡ ವಿಷಯ. ೨೦೦೫ರ ಸೆಪ್ಟೆಂಬರಿನಲ್ಲಿ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಎಂಬ ಗಣಕಯಂತ್ರದ ಆಟದಲ್ಲಿ, ಆಟದ ಒಂದು ಎಡೆಯೊಳಗೇ ಇರಬೇಕಾಗಿದ್ದ ರಕ್ತದೋಷವೊಂದು ಸಾಕುಪ್ರಾಣಿಗಳ ಮೂಲಕ ಹೊರಬಿದ್ದು ನಗರಗಳಿಗೆ ಹಬ್ಬಿತು. ಕೆಲವರು ಇತರರ ಶುಶ್ರೂಷೆಗೆ ನಿಂತರು, ಕೆಲವರು ಊರು ಬಿಟ್ಟರು. ಬೇಕೆಂದೇ ಹರಡಿದವರೂ ಇದ್ದರು. ಇದನ್ನು ಕುರಿತು ೨೦೦೭ರಲ್ಲಿ ವೈದ್ಯಕೀಯ ಪತ್ರಿಕೆಗಳಲ್ಲಿ ಲೇಖನಗಳು ಬಂದುವು. ಮೇಜಿನ ಆಟದಲ್ಲಿ ಈ ಮೂರು ಬಗೆಯವರೂ ಒಂದೇ ಮೇಜಿನಲ್ಲಿ ಎದುರುಬದುರಾಗಿ ಕುಳಿತಿರುತ್ತಾರೆ.

ಆದಕಾರಣ ಒಂದು ವಿಷಯದಲ್ಲಿ ಕಟ್ಟೆಚ್ಚರ ಬೇಕು. ರೋಗವನ್ನು ಪಾಪದ ಫಲವೆಂದೋ ಒಂದು ಕುಲದ ಕಳಂಕವೆಂದೋ ಕಟ್ಟುವುದು ಸುಲಭ. ಕಥೆಗೆ ಬೇಗ ಬಣ್ಣ ಬರುತ್ತದೆ. ಕುಷ್ಠಕ್ಕೆ ಸೂಕ್ಷ್ಮಾಣುವೇ ಕಾರಣವೆಂದು ನಾರ್ವೆಯ ಹ್ಯಾನ್ಸೆನ್ ೧೮೭೩ರಲ್ಲಿ ಕಂಡುಹಿಡಿದ ಮೇಲೂ ರೋಗಿಗಳನ್ನು ಊರ ಹೊರಗಿಟ್ಟ ಲೋಕವಿದು. ೨೦೨೦ರ ತರುವಾಯ ಮನೆಯವರೊಬ್ಬರನ್ನು ಸೋಂಕಿಗೆ ಕಳೆದುಕೊಂಡವರು ಯಾವ ಮೇಜಿನ ಬಳಿಯೂ ಇರಬಹುದು. ಸೂತ್ರಧಾರನಾದವನು ಆಟಕ್ಕೆ ಮುನ್ನ ಒಬ್ಬೊಬ್ಬರನ್ನೂ ಏಕಾಂತದಲ್ಲಿ ಕೇಳಿಕೊಳ್ಳಲಿ. ಯಾರಾದರೂ ಬೇಡವೆಂದರೆ ಕಾರಣ ವಿಚಾರಿಸಬೇಕಾದುದಿಲ್ಲ. ಆ ಊರಿಗೆ ಬರಗಾಲವನ್ನೋ ಕಳ್ಳರ ಕಾಟವನ್ನೋ ತಂದರಾಯಿತು.