ಒಪ್ಪಿಗೆ ಸಿಕ್ಕ ಮೇಲೆ

2020ರ ಮಾರ್ಚ್ 10ರಂದು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಪೀಟರ್ ಹಾರ್ಬಿ ಮತ್ತು ಮಾರ್ಟಿನ್ ಲ್ಯಾಂಡ್ರೇ ಅವರ ತಂಡ ಕೋವಿಡ್ ಔಷಧ ಪ್ರಯೋಗವೊಂದರ ಕರಡು ಬರೆಯಿತು. ನೈತಿಕ ಸಮಿತಿಯೂ ಔಷಧ ನಿಯಂತ್ರಕರೂ ಒಪ್ಪಿ, ಮಾರ್ಚ್ 19ಕ್ಕೆ ಮೊದಲ ರೋಗಿ ಸೇರಿಯೂ ಆಯಿತು. ಒಂಬತ್ತೇ ದಿನ! ಸಾಮಾನ್ಯ ಕಾಲದಲ್ಲಿ ಇಷ್ಟಕ್ಕೆ ತಿಂಗಳುಗಳೇ ಹಿಡಿಯುತ್ತವೆ. ‘ರಿಕವರಿ’ ಎಂಬ ಈ ಪ್ರಯೋಗದ ವೇಗವನ್ನು ಎಲ್ಲರೂ ಹೊಗಳುತ್ತಾರೆ. ನನ್ನ ಬೆರಗು ಮಾತ್ರ ಒಪ್ಪಿಗೆಯ ನಂತರದ ಮೂರು ತಿಂಗಳ ಬಗ್ಗೆ.

ಆಸ್ಪತ್ರೆ ಸೇರಿದ ರೋಗಿ ಒಪ್ಪಿದರೆ, ಚೀಟಿ ಎತ್ತಿದ ಹಾಗೆ ಕಂಪ್ಯೂಟರು ಅವರನ್ನು ಯಾವುದೋ ಒಂದು ಗುಂಪಿಗೆ ಹಾಕುತ್ತಿತ್ತು: ಎಂದಿನ ಆರೈಕೆ ಮಾತ್ರ, ಇಲ್ಲವೇ ಅದರ ಜೊತೆಗೊಂದು ಔಷಧ. ವಾರ್ಡುಗಳಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ. ಹಾಗಾಗಿ ತುಂಬಬೇಕಾದ ಮಾಹಿತಿಯನ್ನು ಆದಷ್ಟು ಕಡಿಮೆ ಮಾಡಿದರು. ಮುಖ್ಯ ಪ್ರಶ್ನೆ ಒಂದೇ: 28ನೇ ದಿನಕ್ಕೆ ರೋಗಿ ಬದುಕಿದ್ದಾರೆಯೇ?

ಒಪ್ಪಿಗೆ ಎನ್ನುವುದು ಬರೆದಿಟ್ಟ ಯೋಜನೆಗೆ ಸಿಗುವುದೇ ಹೊರತು ಸಂಶೋಧಕರ ಮನಸ್ಸಿಗೆ ಬಂದದ್ದಕ್ಕೆಲ್ಲ ಅಲ್ಲ. ಏಪ್ರಿಲ್‌ನಲ್ಲಿ ಟೊಸಿಲಿಜುಮ್ಯಾಬ್ ಎಂಬ ಔಷಧವನ್ನು ಸೇರಿಸುವಾಗ ಯೋಜನೆಗೆ ತಿದ್ದುಪಡಿ ಬರೆದು ಮತ್ತೆ ಅನುಮತಿ ಪಡೆಯಬೇಕಾಯಿತು. ರೋಗಿಯ ಕೈಗೆ ಕೊಡುವ ಮಾಹಿತಿ ಪತ್ರ ಬದಲಾಗಬೇಕು, ಅದು 170ಕ್ಕೂ ಹೆಚ್ಚು ಆಸ್ಪತ್ರೆಗಳಿಗೆ ತಲುಪಬೇಕು. ರೋಗಿಯ ಜೀವಕ್ಕೇ ಕುತ್ತು ಬಂದಾಗ ಮಾತ್ರ ಮೊದಲು ಕ್ರಮ ಕೈಗೊಂಡು, ಮೂರು ದಿನದೊಳಗೆ ತಿಳಿಸಬಹುದಿತ್ತು.

ಇನ್ನೂ ಕಷ್ಟದ್ದು, ನೋಡದೆ ಇರುವುದು. ಯಾವ ಗುಂಪಿನಲ್ಲಿ ಎಷ್ಟು ಜನ ಸಾಯುತ್ತಿದ್ದಾರೆಂಬುದು ಪ್ರಯೋಗ ನಡೆಸುತ್ತಿದ್ದವರಿಗೇ ಗೊತ್ತಿರಲಿಲ್ಲ. ಅದನ್ನು ನೋಡುತ್ತಿದ್ದದ್ದು ಹೊರಗಿನ ತಜ್ಞರ ಒಂದು ಸ್ವತಂತ್ರ ಸಮಿತಿ. ಮಧ್ಯೆ ಮಧ್ಯೆ ಇಣುಕಿ, ಅಂಕಿ ಹಿತವಾಗಿ ಕಂಡ ದಿನ ನಿಲ್ಲಿಸಿಬಿಟ್ಟರೆ ಕಾಕತಾಳೀಯವೂ ಮದ್ದಿನ ಗುಣವಾಗಿ ಕಾಣುತ್ತದೆ. ಜಗತ್ತೆಲ್ಲ ಹೈಡ್ರಾಕ್ಸಿಕ್ಲೋರೋಕ್ವಿನ್ ಜಪ ಮಾಡುತ್ತಿದ್ದಾಗ ತಾಳ್ಮೆಯಿಂದ ಕಾಯುವುದು ಸಣ್ಣ ಮಾತಲ್ಲ. ಜೂನ್ 5ರಂದು ಈ ಪ್ರಯೋಗದ ಹೈಡ್ರಾಕ್ಸಿಕ್ಲೋರೋಕ್ವಿನ್ ಗುಂಪಿಗೆ ರೋಗಿಗಳನ್ನು ಸೇರಿಸುವುದನ್ನು ನಿಲ್ಲಿಸಲಾಯಿತು. ಔಷಧ ಪಡೆದ 1,561 ಮಂದಿಯಲ್ಲಿ ಶೇ. 27, ಪಡೆಯದ 3,155 ಮಂದಿಯಲ್ಲಿ ಶೇ. 25ರಷ್ಟು ಜನ ತೀರಿಕೊಂಡಿದ್ದರು. ಉಪಯೋಗವಿಲ್ಲ.

ಇದೇ ಪ್ರಯೋಗದ ಇನ್ನೊಂದು ಔಷಧ ಡೆಕ್ಸಾಮೆಥಾಸೋನ್, ಹಳೆಯ, ಅಗ್ಗದ ಸ್ಟೆರಾಯ್ಡ್. ದಿನಕ್ಕೆ 6 ಮಿಲಿಗ್ರಾಂ, ಹೆಚ್ಚೆಂದರೆ ಹತ್ತು ದಿನ. ಎಷ್ಟು ರೋಗಿಗಳು ಬೇಕೆಂದು ಆರಂಭದಲ್ಲಿ ಹೇಳುವಂತಿರಲಿಲ್ಲ, ಏಕೆಂದರೆ ಸಾವಿನ ಪ್ರಮಾಣವೇ ತಿಳಿದಿರಲಿಲ್ಲ. ಮುಂದೆ, ಫಲಿತಾಂಶ ಕಾಣದೆಯೇ, ಔಷಧದ ಗುಂಪಿಗೆ 2,000, ಎದುರು ಗುಂಪಿಗೆ 4,000 ಸಾಕೆಂದು ಲೆಕ್ಕ ಹಾಕಿದರು. ಅಷ್ಟು ಆದ ಮೇಲೆ ಜೂನ್ 8ರಂದು ನಿಲ್ಲಿಸಿದರು. ಜೂನ್ 16ರಂದು ಸುದ್ದಿ ಹೊರಬಿತ್ತು, ಬ್ರಿಟನ್ನಿನ ಆಸ್ಪತ್ರೆಗಳು ಅಂದೇ ಬಳಸತೊಡಗಿದವು. ವೆಂಟಿಲೇಟರ್ ಮೇಲಿದ್ದವರಲ್ಲಿ ಸಾವು ಶೇ. 41.4ರಿಂದ 29.3ಕ್ಕೆ, ಆಮ್ಲಜನಕ ಪಡೆಯುತ್ತಿದ್ದವರಲ್ಲಿ 26.2ರಿಂದ 23.3ಕ್ಕೆ ಇಳಿದಿತ್ತು.

ಆಮ್ಲಜನಕವೇ ಬೇಕಿಲ್ಲದವರಲ್ಲಿ? ಔಷಧವಿಲ್ಲದೆ ಶೇ. 14, ಔಷಧದೊಂದಿಗೆ 17.8. ಲಾಭವಂತೂ ಇಲ್ಲ, ಹಾನಿಯಿದ್ದರೂ ಇರಬಹುದು. ಈ ಉತ್ತರ ಸಿಕ್ಕಿದ್ದು ಅದೃಷ್ಟದಿಂದಲ್ಲ. ಸೇರುವಾಗಲೇ ಪ್ರತಿ ರೋಗಿಯ ಉಸಿರಾಟದ ಸ್ಥಿತಿಯನ್ನು ಬರೆದಿಟ್ಟಿದ್ದರು. ಆ ಪ್ರಕಾರ ಬಿಡಿಸಿ ನೋಡಬೇಕೆಂದು ಫಲಿತಾಂಶ ತೆರೆಯುವ ಮೊದಲೇ ನಿರ್ಧರಿಸಿದ್ದರು.

ಜೂನ್ 27ರಂದು ಭಾರತದ ಆರೋಗ್ಯ ಸಚಿವಾಲಯವೂ ಈ ಔಷಧವನ್ನು ಚಿಕಿತ್ಸಾ ಸೂಚಿಗೆ ಸೇರಿಸಿತು. ಆದರೆ 2021ರ ಎರಡನೇ ಅಲೆಯಲ್ಲಿ, ಆಮ್ಲಜನಕ ಬೇಕಿಲ್ಲದ ಹಂತದಲ್ಲೇ, ಮನೆಯಲ್ಲೇ ಸ್ಟೆರಾಯ್ಡ್ ನುಂಗಿದವರು ನಮ್ಮಲ್ಲಿ ಬಹಳ ಮಂದಿ. ಸಕ್ಕರೆ ಕಾಯಿಲೆಯವರನ್ನು ಕಪ್ಪು ಶಿಲೀಂಧ್ರ ಕಾಡಿದಾಗ ವೈದ್ಯರು ಬೊಟ್ಟು ಮಾಡಿದ ಕಾರಣಗಳಲ್ಲಿ ಈ ಅತಿಬಳಕೆಯೂ ಒಂದು. 14 ಮತ್ತು 17.8 ಎಂಬ ಆ ಎರಡು ಅಂಕಿಗಳು ಅಷ್ಟರಲ್ಲಿ ಅಚ್ಚಾಗಿ ತಿಂಗಳುಗಳೇ ಕಳೆದಿದ್ದವು.