ಗಡಿಯೂರಿನ ಮೈದಾನಕ್ಕೆ ಕ್ಯಾಮರಾ ಬಂದಾಗ

ಪತ್ರಿಕಾ ಛಾಯಾಗ್ರಾಹಕನ ಕೆಲಸವೆಂದರೆ ಮಂತ್ರಿಗಳ ಹಾರತುರಾಯಿ, ಉದ್ಘಾಟನೆಯ ದೀಪ, ಇಷ್ಟೇ ಎಂದು ತಿಳಿದವರು ಬಹಳ. ಸಣ್ಣ ಊರುಗಳಲ್ಲಿ ದುಡಿಯುವವನ ದಿನಚರಿಯೇ ಬೇರೆ. ಬೆಳಿಗ್ಗೆ ಶಾಲಾ ಕ್ರೀಡಾಕೂಟ, ಮಧ್ಯಾಹ್ನ ಪರೀಕ್ಷೆಯಲ್ಲಿ ಮೊದಲಿಗಳಾದ ಹುಡುಗಿಯ ಮನೆ, ಸಂಜೆ ಯುವಕ ಸಂಘದ ವಾಲಿಬಾಲ್ ಪಂದ್ಯ. ಒಂದೇ ಹೆಗಲಚೀಲ, ಹತ್ತು ಬಗೆಯ ಕೆಲಸ.

ರಾಯದುರ್ಗ, ಮಡಕಶಿರಾಗಳಂಥ ಊರುಗಳಲ್ಲಿ ಈ ಕೆಲಸಕ್ಕೆ ಇನ್ನೂ ಒಂದು ತೂಕವಿದೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆ ಒಡೆದು ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದವು. ಮಡಕಶಿರಾ ಸೀಮೆಯಂತೂ ತುಮಕೂರು ಜಿಲ್ಲೆಯೊಳಕ್ಕೆ ಚಾಚಿಕೊಂಡಿದೆ. ನೊಳಂಬರ ರಾಜಧಾನಿಯಾಗಿದ್ದ ಹೇಮಾವತಿ ಇರುವುದು ಅಲ್ಲಿಯೇ. ಎರಡೂ ಊರುಗಳು ಬಹುಕಾಲ ಅನಂತಪುರ ಜಿಲ್ಲೆಯಲ್ಲಿದ್ದವು. 2022ರಲ್ಲಿ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಡಿ. ಹಿರೇಹಾಳು, ಬೊಮ್ಮನಹಾಳು, ಅಗಳಿ, ರೊಳ್ಳ, ಅಮರಾಪುರಗಳ ಕಡೆ ಮನೆಮಾತು ಕನ್ನಡವಾಗಿರುವ ಕುಟುಂಬಗಳು ಬಹಳ. ಕನ್ನಡ ಮಾಧ್ಯಮದ ಶಾಲೆಗಳೂ ಉಂಟು. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ಕಾಸರಗೋಡಿನವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ದೊಡ್ಡ ಆಟಕ್ಕೆ ಕ್ಯಾಮರಾಗಳ ಬರವಿಲ್ಲ. 2010ರಲ್ಲಿ ಟೆನಿಸ್ ಆಟಗಾರ ರಾಫೆಲ್ ನಡಾಲ್ ತಮ್ಮ ಪ್ರತಿಷ್ಠಾನದ ಟೆನಿಸ್ ಶಾಲೆಗಾಗಿ ಅನಂತಪುರಕ್ಕೆ ಬಂದಾಗಲೂ, 2024ರ ಸೆಪ್ಟೆಂಬರಿನಲ್ಲಿ ದುಲೀಪ್ ಟ್ರೋಫಿ ಪಂದ್ಯಗಳು ಅಲ್ಲಿ ನಡೆದಾಗಲೂ ಚಿತ್ರಗಳು ದೇಶವೆಲ್ಲ ಹರಿದಾಡಿದವು. ಕನ್ನಡ ಶಾಲೆಯ ಹುಡುಗಿ ಖೋಖೋ ಕಂಬಕ್ಕೆ ಹಾರಿದ ಗಳಿಗೆಗೆ ಮಾತ್ರ ಊರಿನ ಛಾಯಾಗ್ರಾಹಕನೇ ಗತಿ.

ಅದು ಸುಲಭದ ಕೆಲಸವೂ ಅಲ್ಲ. ಕಬಡ್ಡಿಯಲ್ಲಿ ಕೈ ತಾಗುವುದನ್ನು ಕಂಡ ಮೇಲೆ ಗುಂಡಿ ಒತ್ತಿದರೆ ಚಿತ್ರ ತಪ್ಪಿತೆಂದೇ ಲೆಕ್ಕ. ಅದಕ್ಕೆ ಮುಂಚೆಯೇ ಆಟಗಾರನ ಕಾಲು ನೋಡಿ ಊಹಿಸಬೇಕು. ಓಟವನ್ನು ಮಸುಕಾಗದಂತೆ ಹಿಡಿಯಲು ಸೆಕೆಂಡಿನ 500ರಲ್ಲೊಂದು ಪಾಲಿನಷ್ಟು ವೇಗ ಬೇಕು. ಫಿಲ್ಮಿನ ಕಾಲದಲ್ಲಿ ಒಂದು ಸುರುಳಿಗೆ 36 ಚಿತ್ರಗಳು. ಅಷ್ಟರಲ್ಲೇ ಕ್ರೀಡಾಕೂಟ, ಬಹುಮಾನ ವಿತರಣೆ ಎಲ್ಲವೂ ಮುಗಿಯಬೇಕಿತ್ತು.

ಮಕ್ಕಳ ಚಿತ್ರ ಸಣ್ಣ ವಿಷಯವೆಂದು ಯಾರೂ ತಿಳಿಯಬೇಕಾಗಿಲ್ಲ. 1948ರಲ್ಲಿ ಡೆಕ್ಕನ್ ಹೆರಾಲ್ಡ್ ಸೇರಿ ಪತ್ರಿಕಾ ಛಾಯಾಗ್ರಾಹಕರಾದ ಮೈಸೂರಿನ ಟಿ.ಎಸ್. ಸತ್ಯನ್ ಜೀವಮಾನವೆಲ್ಲ ಸಾಮಾನ್ಯ ಜನರ ಮುಖಗಳನ್ನೇ ಅರಸಿದರು. ಅವರು ತೆಗೆದ ಮಕ್ಕಳ ಚಿತ್ರಗಳ ಪ್ರದರ್ಶನ 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರದಲ್ಲಿ ನಡೆಯಿತು.

ಗಡಿನಾಡಿನಲ್ಲಿ ಚಿತ್ರದಷ್ಟೇ ಮುಖ್ಯವಾದುದು ಅದರ ಕೆಳಗಿನ ಸಾಲು. ಮಗುವಿನ ಹೆಸರು ಬೇರೆ ಲಿಪಿಯಲ್ಲಿ ಹೋಗಿ, ಮತ್ತೆ ಕನ್ನಡಕ್ಕೆ ಮರಳುವಾಗ ಒಂದಕ್ಷರ ಸೊರಗಿ, ಇನ್ನೊಂದು ಬಾಲ ಬೆಳೆಸಿಕೊಂಡಿರುತ್ತದೆ. 'ಗೆದ್ದ ತಂಡ' ಎಂದಷ್ಟೇ ಅಚ್ಚಾದರೆ ಹನ್ನೆರಡು ಮಕ್ಕಳು ಹೆಸರಿಲ್ಲದವರಾದರು. ಶಾಲೆಯ ಹೆಸರಿನೊಡನೆ 'ಕನ್ನಡ ಮಾಧ್ಯಮ' ಎಂಬ ಎರಡು ಪದ ಸೇರಿದರೆ ಅದೊಂದು ದಾಖಲೆ. ಮಕ್ಕಳಿಲ್ಲವೆಂದು ಶಾಲೆಗೆ ಬೀಗ ಹಾಕುವ ಮಾತು ಬಂದಾಗ, ಇದೋ ನೋಡಿ ಎಂದು ತೋರಿಸಲು ಒಂದು ತುಂಡು ಕಾಗದವಾದರೂ ಕೈಯಲ್ಲಿರುತ್ತದೆ. ಯಾವ ಶಾಲೆಗೆ ಸೇರಿಸೋಣ ಎಂದು ಯೋಚಿಸುತ್ತಿರುವ ತಂದೆತಾಯಂದಿರಿಗೂ ಆ ಚಿತ್ರ ಧೈರ್ಯ ಹೇಳುತ್ತದೆ.

ಈಗ ಎಲ್ಲರ ಕೈಯಲ್ಲೂ ಮೊಬೈಲಿದೆ. ಚಿತ್ರಗಳಿಗೆ ಕೊರತೆಯಿಲ್ಲ, ಹೆಸರು ಬರೆದಿಡುವವರಿಗಿದೆ. ಅಧ್ಯಾಪಕರಲ್ಲಿ, ಹೆತ್ತವರಲ್ಲಿ ನಮ್ಮ ವಿನಂತಿ ಇಷ್ಟೇ: ಊರಿನ ಛಾಯಾಗ್ರಾಹಕ ಮೈದಾನಕ್ಕೆ ಬಂದಾಗ ಚಹಾ ಕೊಟ್ಟು ಕಳುಹಿಸಿದರೆ ಸಾಲದು. ಎಡದಿಂದ ಬಲಕ್ಕೆ ನಿಂತ ಮಕ್ಕಳ ಹೆಸರು, ತರಗತಿ, ಶಾಲೆ, ತಾರೀಕುಗಳನ್ನು ಕನ್ನಡದಲ್ಲಿ ಸ್ಪಷ್ಟವಾಗಿ ಬರೆದ ಚೀಟಿಯೊಂದನ್ನೂ ಅವನ ಕೈಗೆ ಕೊಡಿ. ರಾಯದುರ್ಗಕ್ಕೂ ಮಡಕಶಿರಾಕ್ಕೂ ಸಲ್ಲುವ ಈ ಮಾತು ಮಂಜೇಶ್ವರಕ್ಕೂ ಸಲ್ಲುತ್ತದೆ.