ಬೆರಳು ದಪ್ಪವೋ, ಗುಂಡಿ ಚಿಕ್ಕದೋ?

ಅಡಿಕೆ ತೂಕ ಮಾಡಿಸಿ ಚೀಟಿಗಾಗಿ ಕಾದಿದ್ದ ಹಿರಿಯ ಸದಸ್ಯರೊಬ್ಬರು ಈಚೆಗೆ ನಮ್ಮೆದುರೇ ಮೊಬೈಲಿನಲ್ಲಿ ಗೊಬ್ಬರದ ಬಾಕಿ ಕಟ್ಟಲು ಹೊರಟರು. ಮೂರು ಸಲವೂ ಬೆರಳು ಪಕ್ಕದ ಅಂಕಿಗೇ ತಾಗಿತು. "ಹಾರೆ ಹಿಡಿದ ಕೈ ಮಾರಾಯ್ರೇ, ಇದಕ್ಕೆಲ್ಲ ಒಗ್ಗೋದಲ್ಲ" ಎಂದು ಹತ್ತಿರ ನಿಂತಿದ್ದ ಹುಡುಗನ ಕೈಗೆ ಮೊಬೈಲು ಕೊಟ್ಟು, ಪಿನ್ ನಂಬರನ್ನೂ ಗಟ್ಟಿಯಾಗಿ ಹೇಳಿಬಿಟ್ಟರು. ಹುಡುಗ ಒಳ್ಳೆಯವನು, ಏನೂ ಆಗಲಿಲ್ಲ. ಆದರೆ ತಪ್ಪು ತಮ್ಮ ಕೈಯದೇ ಎಂದು ಅವರು ಅಷ್ಟು ಬೇಗ ಒಪ್ಪಿಕೊಂಡದ್ದು ನಮಗೆ ಸರಿಕಾಣಲಿಲ್ಲ. ಕತ್ತಿಯ ಹಿಡಿ ಅಂಗೈಗೆ ಒತ್ತಿದರೆ ನಾವು ಹಿಡಿಯನ್ನಲ್ಲವೇ ಕೆತ್ತಿಸುವುದು?

ಯಂತ್ರ ಬಳಸುವವರು ಎಲ್ಲಿ ಎಡವುತ್ತಾರೆ, ಅದಕ್ಕಾಗಿ ಯಂತ್ರದಲ್ಲಿ ಏನು ತಿದ್ದಬೇಕು ಎಂಬುದನ್ನೇ ಅಭ್ಯಾಸ ಮಾಡುವ ಪ್ರಯೋಗಶಾಲೆಗಳು ಇವೆ. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯದಲ್ಲಿ ಪ್ರೊಫೆಸರ್ ಬೆನ್ ಶ್ನೈಡರ್‌ಮನ್ ಅವರು 1983ರಲ್ಲಿ ಆರಂಭಿಸಿದ್ದು ಅಂಥದೊಂದು. ಕಂಪ್ಯೂಟರ್ ಬಲ್ಲವರ ಜೊತೆಗೆ ಮನಶ್ಶಾಸ್ತ್ರ ಬಲ್ಲವರೂ ಅಲ್ಲಿ ಸೇರಿಕೊಂಡರು. ಪ್ರಯೋಗ ಎಂದರೆ ಗಾಜಿನ ನಳಿಕೆಗಳನ್ನು ನೆನೆಯಬೇಕಾಗಿಲ್ಲ. ಜನರನ್ನು ಕರೆದು ಯಂತ್ರದ ಮುಂದೆ ಕೂರಿಸಿ, ಒಂದು ಕೆಲಸ ಕೊಟ್ಟು, ಎಷ್ಟು ಹೊತ್ತು ಹಿಡಿಯಿತು, ಎಷ್ಟು ಸಲ ತಪ್ಪಿತು ಎಂದು ಲೆಕ್ಕ ಇಡುವುದು. ನಾವು ಎರಡು ತಾಕಿಗೆ ಬೇರೆ ಬೇರೆ ಗೊಬ್ಬರ ಹಾಕಿ ಇಳುವರಿ ಹೋಲಿಸಿ ನೋಡುವುದಿಲ್ಲವೇ, ಹಾಗೆಯೇ.

ಬೆರಳು ಮುಟ್ಟಿಸಿ ಕೆಲಸ ಮಾಡಿಸುವ ಪರದೆಗಳು ಆ ಕಾಲದಲ್ಲಿ ಅಪರೂಪ. ಬೆರಳು ದಪ್ಪವಾದ್ದರಿಂದ ಚಿಕ್ಕ ಗುರುತುಗಳಿಗೆ ಅವು ಆಗಿಬಾರವು ಎಂಬ ಮಾತಿತ್ತು. ಶ್ನೈಡರ್‌ಮನ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು ಇದನ್ನು ಪರೀಕ್ಷಿಸಿ 1988ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಮೆರಿಕದ 50 ರಾಜ್ಯಗಳ ಎರಡಕ್ಷರದ ಹೆಸರುಗಳನ್ನು ಪರದೆಯ ಮೇಲೆ ಒತ್ತೊತ್ತಾಗಿ ಜೋಡಿಸಿ, 24 ಜನರಿಗೆ ಹೇಳಿದ ಹೆಸರನ್ನು ಆರಿಸಲು ಕೊಟ್ಟರು. ಆರಿಸುವ ಕ್ರಮ ಮೂರು ಬಗೆ. ಬೆರಳು ಮೊದಲು ಎಲ್ಲಿ ಬಿತ್ತೋ ಅದೇ ಲೆಕ್ಕಕ್ಕೆ ಎಂಬುದು ಒಂದು. ಬೆರಳನ್ನು ಸರಿಸುತ್ತ ಹೋದಂತೆ ಯಾವ ಹೆಸರು ಮೊದಲು ತಾಗುತ್ತದೋ ಅದು ಎಂಬುದು ಇನ್ನೊಂದು. ಮೂರನೆಯದರಲ್ಲಿ ಬೆರಳಿಗಿಂತ ಸ್ವಲ್ಪ ಮೇಲೆ ಒಂದು ಗುರುತು ಕಾಣುತ್ತದೆ. ಅದನ್ನು ಬೇಕಾದ ಹೆಸರಿನ ಮೇಲಕ್ಕೆ ನಿಧಾನವಾಗಿ ತಂದು ಬೆರಳನ್ನು ಎತ್ತಬೇಕು. ಎತ್ತಿದಾಗ ಮಾತ್ರ ಆಯ್ಕೆ.

ಬೇಗ ಮುಗಿದದ್ದು ಎರಡನೆಯ ಕ್ರಮದಲ್ಲಿ. ತಪ್ಪು ಕಡಿಮೆಯಾದದ್ದು ಮೂರನೆಯದರಲ್ಲಿ. ಬೆರಳುಗಳು ಅವೇ, ಪರದೆಯೂ ಅದೇ. ಬದಲಾದದ್ದು ಯಂತ್ರಕ್ಕೆ ಹಾಕಿಕೊಟ್ಟ ಕಟ್ಟಳೆ ಮಾತ್ರ. ಹಣದ ಕೆಲಸಕ್ಕಾದರೆ ನಾವು ನಿಧಾನದ್ದನ್ನೇ ಆರಿಸುತ್ತಿದ್ದೆವು.

ಅಂದು ಪರೀಕ್ಷಿಸಿದಂಥದೇ ಕ್ರಮ ಇಂದು ನಮ್ಮ ಕಿಸೆಯಲ್ಲಿದೆ. ಮೊಬೈಲಿನ ಹೆಚ್ಚಿನ ಗುಂಡಿಗಳು ಮುಟ್ಟಿದಾಗ ಕೆಲಸ ಮಾಡುವುದಿಲ್ಲ, ಬೆರಳು ಎತ್ತಿದಾಗ ಮಾಡುತ್ತವೆ. ಅಕ್ಷರ ಒತ್ತಿದಾಗ ಬೆರಳಿನ ಮೇಲ್ಗಡೆ ಅದು ದೊಡ್ಡದಾಗಿ ಮೂಡುವುದನ್ನೂ ಕೆಲವರು ಗಮನಿಸಿರಬಹುದು. ಆದ್ದರಿಂದ ತಪ್ಪು ಗುಂಡಿಗೆ ಬೆರಳು ತಾಗಿತೆಂದು ಗೊತ್ತಾದರೆ ಗಾಬರಿಯಿಂದ ಥಟ್ಟನೆ ಎತ್ತಬೇಡಿ, ಎತ್ತಿದರೇ ಆಯ್ಕೆಯಾಗುವುದು. ಬೆರಳನ್ನು ಪರದೆಯ ಮೇಲೆಯೇ ಖಾಲಿ ಜಾಗಕ್ಕೆ ಜಾರಿಸಿ, ಆಮೇಲೆ ಎತ್ತಿ. ಬಹುಮಟ್ಟಿಗೆ ಏನೂ ಆಗುವುದಿಲ್ಲ. ಎಲ್ಲ ಗುಂಡಿಗಳೂ ಹೀಗೆಯೇ ಎನ್ನಲಾಗದು, ಆದಕಾರಣ ಮೊದಲು ಹಣಕ್ಕೆ ಸಂಬಂಧಿಸದ ಗುಂಡಿಯಲ್ಲಿ ಮಾಡಿ ನೋಡಿ. ಕೈಯ ಮಣ್ಣು, ಒದ್ದೆ ಒರೆಸಿಕೊಳ್ಳುವುದೂ ಒಳ್ಳೆಯದು.

ನಮ್ಮ ಹಿರಿಯರಿಗೆ ಮರುವಾರ ಇದನ್ನು ತೋರಿಸಿಕೊಟ್ಟೆವು. ಎರಡು ಸಲ ತಪ್ಪಿ, ಮೂರನೆಯ ಸಲ ಬಾಕಿ ಕಟ್ಟಿದರು. ಪಿನ್ ನಂಬರನ್ನು ಬದಲಾಯಿಸಿಕೊಂಡಿದ್ದಾರೆ. ಹೊಸದು ಯಾವುದೆಂದು ನಮಗೂ ಹೇಳಿಲ್ಲ.